ಕೈಗೆಟುಕುವ ಸಸಿಗಳ ಕಾಯಿಲೆ

ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸುವುದು ಕಷ್ಟವಾದಾಗ ಹೊಲಿಗೆಯಕ್ಕ ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ. ಯಂತ್ರಕ್ಕೆ ಬಟ್ಟೆ ಹೊದಿಸಿ, ತಾರಸಿಗೆ ಮಣ್ಣು ಹೊತ್ತು, ಟೊಮೇಟೊ ಸಸಿ ಬೆಳೆಸಿ ಮಾರಲು ನಿಂತಳು. ಬೀದಿಯವರು ಮಾತ್ರ ಹಳೆಯ ಹೆಸರು ಬಿಡಲಿಲ್ಲ.

ಅಡ್ಡಗಾಲು ಹಾಕಿದ್ದು ಅತ್ತೆ. ತಾರಸಿ ಇರುವುದು ಬಟ್ಟೆ ಒಣಗಿಸುವುದಕ್ಕೆ ಎಂಬುದು ಆಕೆಯ ವಾದ. ಮೊದಲ ಸಲದ ಸಸಿಗಳೆಲ್ಲ ಸತ್ತಿದ್ದವು. ಈ ಸಲವೂ ಹಾಗೇ ಆದರೆ ಸಸಿಯ ಟ್ರೇಗಳನ್ನು ಕೆಳಗಿಳಿಸಿ ಹಗ್ಗ ಕಟ್ಟುವುದೇ ಸೈ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಗಂಡನೆಂಬ ಪ್ರಾಣಿ ಎಂದಿನಂತೆ ಇಬ್ಬರ ಮಾತಿಗೂ ತಲೆಯಾಡಿಸಿದ.

ಸಸಿಗಳು ನಾಲ್ಕೆಲೆ ಬಿಟ್ಟವೋ ಇಲ್ಲವೋ, ಕೆಳಗಿನ ಎಲೆ ಹಳದಿಯಾಯಿತು. ಹೊಲಿಗೆಯಕ್ಕ ಬಗ್ಗಿ ನೋಡಿದಳು. ಹಸಿವಿರಬೇಕೆಂದು ಗೊಬ್ಬರದ ನೀರು ಕೊಟ್ಟಳು. ಹಳದಿ ಇನ್ನೂ ಮೇಲೇರಿತು. ಎಲೆ ಮಗುಚಿ ಹುಳು ಹುಡುಕಿದಳು; ಒಂದೂ ಇರಲಿಲ್ಲ. ಗಂಡ ಬಿಸಿಲು ಜಾಸ್ತಿ ಎಂದ, ಪಕ್ಕದ ಮನೆಯಾಕೆ ಬೀಜವೇ ಸರಿಯಿಲ್ಲ ಎಂದಳು. ಬಿಟ್ಟಿ ಸಲಹೆಗೇನು ಬರ! ಅತ್ತೆ ಮಾತ್ರ ಹಗ್ಗದ ಸುರುಳಿಯನ್ನು ತಂದು ಮೆಟ್ಟಿಲ ಬಳಿ ಇಟ್ಟಳು.

ಹಗ್ಗ ಕಂಡದ್ದೇ ತಡ, ಹೊಲಿಗೆಯಕ್ಕನಿಗೆ ಹಟ ಬಂತು. ಅಳತೆ ತಪ್ಪಿದ ಅಂಗಿಯನ್ನು ಅವಳು ದೂರ ಹಿಡಿದೇ ನೋಡುತ್ತಿದ್ದಳು. ಹಾಗೆಯೇ ಈಗ ಹಿಂದೆ ಸರಿದು ಇಡೀ ತಾರಸಿ ನೋಡಿದಳು. ಓಡಾಡುವ ದಾರಿಯ ಅಂಚಿನ ಟ್ರೇಗಳಷ್ಟೇ ಹಳದಿ. ಗೋಡೆಯ ಬದಿ, ಕೈ ಚಾಚಿದರೂ ಎಟುಕದ ಟ್ರೇಗಳು ಹಚ್ಚ ಹಸಿರು. ಅದೇ ಬೀಜ, ಅದೇ ಮಣ್ಣು, ಅದೇ ಬಿಸಿಲು. ದಾರಿಯಂಚಿನ ಟ್ರೇ ಎತ್ತಿದರೆ ಕಲ್ಲಿನ ಭಾರ; ಬೆರಳು ತೂರಿಸಿದರೆ ಮಣ್ಣು ಪಿಚಪಿಚ. ಒಂದು ಸಸಿ ಕಿತ್ತಳು. ಬೆಳ್ಳಗಿರಬೇಕಾದ ಬೇರು ಕಂದಾಗಿ ಕೊಳೆತು ನಾರುತ್ತಿತ್ತು. ತಾನು ಬೆಳಗ್ಗೆ ಚಿಮುಕಿಸುವ ನೀರಿಗೆ ಇಷ್ಟು ಕೆಸರಾಗಲು ಸಾಧ್ಯವೇ ಇರಲಿಲ್ಲ.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು. "ಸಸಿಗೆ ಯಾರ್ಯಾರು ನೀರು ಹಾಕ್ತಿದ್ದೀರಿ? ನಿಜ ಹೇಳಿ."

ಸಂಜೆ ಮೇಲೆ ಹೋದಾಗ ಒಂದು ಚೊಂಬು ಹಾಕುತ್ತೇನೆ ಎಂದು ಗಂಡ ತಟ್ಟೆ ನೋಡುತ್ತಾ ಒಪ್ಪಿಕೊಂಡ. ಮಗಳೂ ಹಾಕುತ್ತಿದ್ದಳಂತೆ, ಹೆಮ್ಮೆಯಿಂದ ಹೇಳಿದಳು.

"ಮಧ್ಯಾಹ್ನ ನಾನೂ ಹಾಕ್ತೀನಿ," ಎಂದಳು ಅತ್ತೆ. "ಅವು ಸತ್ರೆ ನೀನು ಮತ್ತೆ ಮುಖ ಬಾಡಿಸ್ಕೊಂಡು ಕೂರ್ತೀಯಲ್ಲ, ಅದನ್ನ ಯಾರು ನೋಡ್ತಾರೆ?"

ಹೊಲಿಗೆಯಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಅತ್ತೆ, ನಾವೆಲ್ಲ ಸೇರಿ ಅವನ್ನ ಮುಳುಗಿಸಿಬಿಟ್ವಿ."

ಮರುದಿನದಿಂದ ನೀರು ಅವಳ ಕೈಯಿಂದ ಮಾತ್ರ, ಅದೂ ಮೇಲ್ಮಣ್ಣು ಬೆರಳಿಗೆ ಒಣಗಿದೆ ಎನಿಸಿದಾಗ. ಹಳೆಯ ದಬ್ಬಳದಿಂದ ಟ್ರೇಗಳ ತಳಕ್ಕೆ ಇನ್ನಷ್ಟು ತೂತು ಹಾಕಿದಳು. ತೀರಾ ಕೊಳೆತವನ್ನು ಎಸೆದಳು, ಉಳಿದವು ತಲೆಯೆತ್ತಿದವು. ಹಳದಿಯಾದ ಎಲೆ ಮತ್ತೆ ಹಸಿರಾಗಲಿಲ್ಲ ನಿಜ, ಆದರೆ ಮೇಲೆ ಬಂದ ಹೊಸ ಎಲೆಗಳನ್ನು ನೋಡಬೇಕಿತ್ತು! ಮಾರಲು ಇಟ್ಟ ದಿನವೇ ಎಲ್ಲವೂ ಖರ್ಚಾದವು. ಹೊಲಿಗೆಯಕ್ಕ ಗೆದ್ದಳು, ಅದರಲ್ಲಿ ಎರಡು ಮಾತಿಲ್ಲ.

ಮತ್ತೆ ಬೀಜ ಹಾಕಿದ ದಿನ ಅತ್ತೆ ಆ ಹಗ್ಗ ಹಿಡಿದು ಮೇಲೆ ಬಂದಳು. ಸೊಸೆ ಟ್ರೇಗಳಿಗೆ ಅಡ್ಡ ನಿಂತಳು. ಅತ್ತೆ ಅದನ್ನು ಬಟ್ಟೆಗೆ ಕಟ್ಟಲಿಲ್ಲ. ದಾರಿಯುದ್ದಕ್ಕೂ, ಟ್ರೇಗಳಿಗೆ ಕೈ ಎಟುಕದಷ್ಟು ದೂರದಲ್ಲಿ, ಎಳೆದು ಬಿಗಿದಳು.

"ಚೊಂಬು ಹಿಡ್ಕೊಂಡು ಯಾರೂ ಇದನ್ನ ದಾಟಕೂಡದು," ಎಂದಳು. "ನಾನು ಬಂದ್ರೂ ಬಿಡಬೇಡ."