ಹಳದಿ ನೀರು ತಿಳಿಯಾದ ದಿನ

ಎಂ.ಎಸ್ಸಿ. ಕೊನೆಯ ವರ್ಷದಲ್ಲಿ, ಬೈಲಹೊಂಗಲದ ಕಾಲೇಜಿನಲ್ಲಿ ನನ್ನ ಪಾಲಿಗೆ ಬಂದದ್ದು ನೈಟ್ರೋಫಿನಾಲ್ ಪ್ರಾಜೆಕ್ಟು. ಬಣ್ಣದ ಕಾರ್ಖಾನೆಗಳ ಕೊಳೆನೀರಿನಲ್ಲಿ ಸಿಗುವ ಈ ವಿಷವನ್ನು, ಜ್ವರದ ಗುಳಿಗೆ ತಯಾರಿಸಲು ಬೇಕಾಗುವ ಬೇರೊಂದು ವಸ್ತುವಾಗಿ ಬದಲಿಸಬೇಕಿತ್ತು. ಬರೀ ಬೋರೋಹೈಡ್ರೈಡ್ ಎಂಬ ರಾಸಾಯನಿಕ ಹಾಕಿದರೆ ನೈಟ್ರೋಫಿನಾಲ್ ಕರಗಿದ ನೀರು ದಿನಗಟ್ಟಲೆ ಹಳದಿಯಾಗಿಯೇ ಇರುತ್ತದೆ. ಅದರಲ್ಲಿ ಚಿಟಿಕೆ ತಾಮ್ರದ ನುಣ್ಣನೆಯ ಪುಡಿ ಬಿದ್ದರೆ ನಿಮಿಷಗಳಲ್ಲಿ ತಿಳಿಯಾಗುತ್ತದೆ. ಪುಡಿ ಖರ್ಚಾಗುವುದಿಲ್ಲ, ಮತ್ತೆ ಬಳಸಬಹುದು. ಆದರೆ ನನ್ನ ಪುಡಿಯೆಲ್ಲ ಸೋಸುವ ಕಾಗದಕ್ಕೇ ಅಂಟಿಕೊಳ್ಳುತ್ತಿತ್ತು. ಮೂರನೆಯ ಸಲಕ್ಕೆ ಕೆರೆದರೂ ಏನೂ ಸಿಗಲಿಲ್ಲ.

ಆ ಭಾನುವಾರ ದೊಡವಾಡದಲ್ಲಿ ಅವ್ವನ ಹಿಟ್ಟಿನ ಗಿರಣಿಯಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದೆ. ಜೋಳ ಸುರಿಯುವ ಡಬ್ಬಿಯೊಳಗಿನ ಅಯಸ್ಕಾಂತವನ್ನು ಅವ್ವ ಒರೆಸುತ್ತಿದ್ದಳು.

"ಕಾಳಿನ ಸಂಗಾಟ ಮೊಳಿ ಒಳಗ ಹೋತಂದ್ರ ಕಲ್ಲು ಕೆಡತಾವು. ಇದು ಕಬ್ಬಿಣ ಅಷ್ಟ ಹಿಡೀತೈತಿ, ಕಾಳು ಬಿಡತೈತಿ," ಎಂದಳು.

ನಾನು ಎದ್ದು ನಿಂತೆ. ಅಲ್ಲಿಂದಲೇ ಪ್ರಾಜೆಕ್ಟು ನೋಡಿಕೊಳ್ಳುತ್ತಿದ್ದ ನಮ್ಮ ಮೇಡಮ್ಮಿಗೆ ಫೋನು ಮಾಡಿ, ತಾಮ್ರವನ್ನು ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡಿನ ಮೇಲೆ ಕೂಡಿಸಿದರೆ ಹೇಗೆ ಎಂದು ಕೇಳಿದೆ.

"ಬ್ಯಾರೇದವರು ಮಾಡ್ಯಾರ. ನಮಗ ಬರತೈತೋ ಇಲ್ಲೋ ನೋಡೂಣು, ನಾಳೆ ಲಗೂನ ಬಾ," ಎಂದರು ಅವರು.

ತಾಮ್ರ ಕೂತ ಆ ಕಪ್ಪು ಪುಡಿ ಕೈಗೆ ಬರಲು ಎರಡು ವಾರ ಹಿಡಿಯಿತು. ಗುರುವಾರ ಬೆಳಿಗ್ಗೆ ಒಂದಿಷ್ಟನ್ನು ಬೋರೋಹೈಡ್ರೈಡ್ ಬೆರೆಸಿದ ಹಳದಿ ನೀರಿಗೆ ಹಾಕಿದೆ. ಸಣ್ಣ ಗುಳ್ಳೆಗಳು ಎದ್ದವು. ಹಳದಿ ತೆಳುವಾಯಿತು, ಇನ್ನೂ ತೆಳುವಾಯಿತು, ಕೊನೆಗೆ ಗಾಜಿನಾಚೆ ನನ್ನ ಬೆರಳುಗಳು ಬಣ್ಣವಿಲ್ಲದೆ ಕಂಡವು. ಬೀಕರಿನ ಹೊರಗೆ ಅಯಸ್ಕಾಂತ ಹಿಡಿದೆ. ಪುಡಿಯೆಲ್ಲ ಸರಸರನೆ ಆ ಬದಿಗೆ ಬಂದು ಕೂತಿತು. ನೀರು ಬಸಿದೆ, ಪುಡಿ ತೊಳೆದೆ, ಹೊಸ ಹಳದಿ ನೀರು ಸುರಿದೆ. ಅದೂ ತಿಳಿಯಾಯಿತು!

ಮೇಡಂ ಪಾಠ ಮುಗಿಸಿ ಬರುವಷ್ಟರಲ್ಲಿ ನಾಲ್ಕನೆಯ ಸಲ ನಡೆದಿತ್ತು. ಅವರು ಕನ್ನಡಕ ಏರಿಸಿ ನೋಡಿದರು.

"ಒಂಚೂರು ಬಾಜೂಕ ಸರಿ. ಈ ಸಲ ನಾ ಹಾಕತೇನಿ."

ಊಟದ ಡಬ್ಬಿ ಇಬ್ಬರೂ ಬಿಚ್ಚಲಿಲ್ಲ. ಏಳನೆಯ ಸಲ ಬಣ್ಣ ಹೋಗಲು ಬಹಳ ಹೊತ್ತು ಹಿಡಿಯಿತು. ಪುಡಿ ದಣಿದಿತ್ತು.

"ಇದನ್ನೂ ಬರಿ, ಮುಚ್ಚಿಡಬ್ಯಾಡ," ಎಂದರು ಮೇಡಂ.

ಬರೆದೆ. ಆರು ಸಲದ ಲೆಕ್ಕದ ಕೆಳಗೆ ಏಳನೆಯದೂ ಕೂತಿತು.