ಎರಡು ಕೋಣೆಗೆ ಒಂದೇ ದೀಪ

ಬೆಳಗಿನ ಐದೂವರೆ. ದೀಪ ಮಬ್ಬು ಮಾಡುವ ಕಸುಬಿಗೆ ಅಂಗಡಿಯವರೆಲ್ಲ ‘ಮಬ್ಬಣ್ಣ’ ಎಂದು ಕರೆಯುವ ಅರವತ್ತೆರಡರ ಈ ಮನುಷ್ಯ ಮೆಣಸಿನ ಕಾಳಿನಷ್ಟಿರುವ ಎಲ್‌ಇಡಿಯನ್ನು ಚಿಮಟದಲ್ಲಿ ಹಿಡಿದು ಮರಳುಕಾಗದಕ್ಕೆ ಉಜ್ಜುತ್ತಿದ್ದಾರೆ. ಊದಿ, ಹೊತ್ತಿಸಿ ನೋಡುತ್ತಾರೆ. ಊಹೂಂ. ಮತ್ತೆ ಉಜ್ಜುತ್ತಾರೆ. ದಿನಕ್ಕೆ ಹನ್ನೆರಡು ದೀಪ. ಹದಿಮೂರನೆಯದಕ್ಕೆ ಕಣ್ಣು ಒಪ್ಪುವುದಿಲ್ಲ.

“ಹೊಸ ಎಲ್‌ಇಡಿ ಮೂತಿ ಎತ್ತ ಇದೆಯೋ ಅತ್ತ ಮಾತ್ರ ಚುಚ್ಚತ್ತೆ. ಹಾಗೇ ಇಟ್ರೆ ಈ ಪುಟಾಣಿ ಮನೆಗೆ ಬೆಂಕಿ ಬಿದ್ದಂಗಿರತ್ತೆ. ಒಳಗೆ ಯಾರೋ ಇದಾರೆ ಅನ್ನಿಸಲ್ಲ,” ಎನ್ನುತ್ತಾರೆ. ಅದಕ್ಕೇ ಅದರ ಗುಂಡುತಲೆಯನ್ನು ಅರದಿಂದ ಚಪ್ಪಟೆ ಮಾಡಬೇಕು, ಉಜ್ಜಿ ಮೈಗೆ ಮಂಜು ಹಿಡಿಸಬೇಕು, ಕಿಟಕಿಗೆ ಒಳಗಿನಿಂದ ಬಟರ್ ಪೇಪರ್ ಅಂಟಿಸಬೇಕು.

ಮೇಜಿನ ಮೇಲಿರುವುದು ಗಿರಣಿ ಕೆಲಸಗಾರರ ವಠಾರ. ನಲವತ್ತು ಮನೆ, ಒಂದೊಂದೂ ಅಂಗೈಯಗಲ. ನಿಜವಾದ ವಠಾರ ಕೆಡವಿ ಹನ್ನೆರಡು ಮಹಡಿ ಎಬ್ಬಿಸಿದವರೇ ಈ ಮಾದರಿ ಮಾಡಿಸುತ್ತಿದ್ದಾರೆ, ತಮ್ಮ ಕಟ್ಟಡದ ಹಾಲ್‌ನಲ್ಲಿ ಶೋಕಿಗೆ ಇಡಲು. ಜನ ಬಾಳಿದ ಮನೆಗೆ ಬುಲ್‌ಡೋಜರು, ರಟ್ಟಿನ ಮನೆಗೆ ಗಾಜಿನ ಕಾವಲು! ಫಲಕದಲ್ಲಿ ಮಾಡಿಸಿದವರ ಹೆಸರು ಆಗಲೇ ಕೆತ್ತಿಯಾಗಿದೆ. ಮಾಡಿದವರದ್ದು? ಅಷ್ಟು ಜಾಗವಿಲ್ಲವಂತೆ.

ಅದರ ಏಳನೇ ಮನೆಯಲ್ಲೇ ಮಬ್ಬಣ್ಣ ಹುಟ್ಟಿದ್ದು. ಗಿರಣಿ ಮುಚ್ಚಿ ಅಪ್ಪ ಕೆಲಸ ಕಳೆದುಕೊಂಡ ವರ್ಷ ಶಾಲೆ ಬಿಟ್ಟು ರೇಡಿಯೊ ರಿಪೇರಿ ಕಲಿತರು. ರೇಡಿಯೊ ಕೇಳುವವರೇ ಇಲ್ಲವಾದಾಗ, ಆಟದ ರೈಲು, ಪುಟ್ಟ ಮನೆಗಳ ಹುಚ್ಚಿನ ಹವ್ಯಾಸಿಗಳು ಕೈ ಹಿಡಿದರು.

ಹತ್ತು ಗಂಟೆಗೆ ಮಾದರಿ ಒಯ್ಯಲು ವ್ಯಾನು ಬರುತ್ತದೆ. ಗಾಜು ಮುಚ್ಚಿದ ಮೇಲೆ ಕೈ ಹಾಕುವಂತಿಲ್ಲ. ಮಂಡಿ ಸೋತ ಅವರ ಅಕ್ಕ ಆ ಹಾಲ್‌ನ ಮೆಟ್ಟಿಲು ಹತ್ತಲಾರರು. ನೋಡಿದರೆ ಇಲ್ಲೇ, ಇವತ್ತೇ. ಎಂಟಕ್ಕೆ ಬಂದ ಅಕ್ಕ, ಪರದೆ ಎಳೆದ ಕೋಣೆಯಲ್ಲಿ ಏಳನೇ ಮನೆಗೆ ಬಗ್ಗುತ್ತಾರೆ.

“ಏನೋ ಇದು, ನಮ್ಮನೆಗೆ ಎರಡೆರಡು ದೀಪ? ಯಾವಾಗ ಅಷ್ಟು ಸಾಹುಕಾರರಾದ್ವೋ?”

“ಎರಡು ಕೋಣೆ ಅಲ್ವೇನಕ್ಕ!”

“ಕೋಣೆ ಎರಡು, ಬಲ್ಬು ಒಂದೇ. ಅಪ್ಪ ನಡುಗೋಡೆ ಕೊರೆದು ಆ ತೂತಲ್ಲಿ ಇಟ್ಟಿದ್ರಲ್ಲೋ! ಇತ್ಲಾಗೆ ಅಮ್ಮನ ಅಡುಗೆ, ಅತ್ಲಾಗೆ ನಿನ್ನ ಓದು. ಓದೋದೆಲ್ಲಿ ಬಂತು, ತೂಕಡಿಸ್ತಿದ್ದೆ. ಅದಕ್ಕೇ ಮರ್ತಿದೀಯ.”

ಮಬ್ಬಣ್ಣನ ಮುಖ ಪೆಚ್ಚಾಗುತ್ತದೆ. ಮೂವತ್ತೊಂಬತ್ತು ಮನೆಗಳ ಬೆಳಕು ಹೇಗಿತ್ತೆಂದು ಅಲ್ಲಿದ್ದವರನ್ನು ಹುಡುಕಿ ಹುಡುಕಿ ಕೇಳಿದವರು, ಸ್ವಂತ ಮನೆಯದನ್ನು ಯಾರನ್ನೂ ಕೇಳಿರಲಿಲ್ಲ.

ಚಾವಣಿ ಎತ್ತುತ್ತಾರೆ. ಎರಡೂ ದೀಪ ಕಿತ್ತು, ನಡುವಿನ ರಟ್ಟಿಗೆ ತೂತು ಹಾಕಿ ಒಂದನ್ನು ಕೂರಿಸುತ್ತಾರೆ. ಅಡುಗೆಮನೆ ಝಗ್ ಎನ್ನುತ್ತದೆ, ಆಚೆ ಕೋಣೆ ಕತ್ತಲು. ಇನ್ನೊಂದು ಎಲ್‌ಇಡಿ ತೆಗೆದು, ತಲೆಯ ನಡುವೆ ಸಣ್ಣ ಡ್ರಿಲ್ಲಿನಿಂದ ಕುಳಿ ತೋಡುತ್ತಾರೆ, ಬೆಳಕು ಮೇಲಕ್ಕೆ ಹಾರದೆ ಪಕ್ಕಕ್ಕೆ ಚೆಲ್ಲಲಿ ಎಂದು. ಸುತ್ತ ಉಜ್ಜಿ, ಹಳದಿ ಬಣ್ಣ ಸವರಿ, ತೂತಿನಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ. ಒಂಬತ್ತೂವರೆಗೆ ಎರಡೂ ಕಿಟಕಿ ಒಂದೇ ಉಸಿರಿನಲ್ಲಿ ಬೆಳಗುತ್ತವೆ.

ಅಕ್ಕ ಮೇಜಿನ ಮೇಲಿದ್ದ ಬೆಂಕಿಕಡ್ಡಿಯ ತುಂಡನ್ನು ಅಡುಗೆಮನೆಯಲ್ಲಿ ದೀಪದೆದುರು ನಿಲ್ಲಿಸುತ್ತಾರೆ. ಕಿಟಕಿಯ ಮೇಲೆ ಮೆತ್ತನೆ ನೆರಳು.

“ಅಮ್ಮ,” ಎನ್ನುತ್ತಾರೆ.

ಮಬ್ಬಣ್ಣ ಕಡ್ಡಿಯ ಬುಡಕ್ಕೆ ಒಂದು ತೊಟ್ಟು ಅಂಟು ಬಿಟ್ಟು ಚಾವಣಿ ಮುಚ್ಚುತ್ತಾರೆ.

ವ್ಯಾನಿನವನು ಬಂದವನೇ ಕಣ್ಣು ಕಿರಿದಾಗಿಸುತ್ತಾನೆ. “ಯಜಮಾನ್ರೇ, ಈ ಕಿಟಕಿಗೆ ಏನೋ ಅಡ್ಡ ಬಂದಿದೆ. ಕಸ ಇರ್ಬೇಕು, ತೆಗೆದುಬಿಡ್ಲಾ?”

“ಮುಟ್ಬೇಡಪ್ಪ,” ಎನ್ನುತ್ತಾರೆ ಮಬ್ಬಣ್ಣ. “ಅಲ್ಲಿ ಅಡುಗೆ ಆಗ್ತಿದೆ.”