ಒಂದು ನಾಲೆ, ನಾಲ್ಕು ಬಾಯಿ

ಜಂಬ ಕೊಚ್ಚಿಕೊಳ್ಳಬಾರದು ಎನ್ನುತ್ತಾರೆ ಹಿರಿಯರು. ಎನ್ನಲಿ. ತೊಂಬತ್ತರ ದಶಕದ ಕೊನೆಯಲ್ಲಿ, ಪಾಠ ಹೇಳುತ್ತಿದ್ದ ಹಾಸನದ ಕಾಲೇಜೊಂದರ ಕಂಪ್ಯೂಟರ್ ಕೋಣೆಯಲ್ಲಿ, ನಾನೊಂದು ಕೆಲಸ ಮಾಡಿದೆ. ಅದನ್ನು ಹೇಳಿಕೊಳ್ಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಕೇಳಿ ಕೇಳಿ ಸಾಕಾಗಿರುವ ನಮ್ಮ ಮನೆಯವರು, ನಾನು 'ಆವತ್ತು' ಎಂದರೆ ಸಾಕು, ಚಪ್ಪಲಿ ಮೆಟ್ಟಿ ವಾಕಿಂಗ್ ಹೊರಡುತ್ತಾರೆ. ನೀವಾದರೂ ಕೂತು ಕೇಳಿ.

ಆವತ್ತು ಹತ್ತನೇ ತರಗತಿಯ ಫಲಿತಾಂಶ. ಬೆಂಗಳೂರಿನಿಂದ ಫೋನಿನ ತಂತಿಯಲ್ಲಿ, ಸಾಲು ಸಾಲಾಗಿ, ನಮ್ಮ ಕಂಪ್ಯೂಟರಿಗೆ ಹರಿದು ಬರುವುದಿತ್ತು. ತಾಲ್ಲೂಕುಗಳೆಲ್ಲ ಕಲಸುಮೇಲೋಗರ. ಪೂರ್ತಿ ಬಂದಮೇಲೆ ಬೇರೆ ಮಾಡೋಣವೆಂದರೆ ಸಂಜೆಯಾಗುತ್ತಿತ್ತು. ನಮ್ಮ ಕ್ಯಾಂಟೀನಿನ ನಿಂಗಮ್ಮನಿಗೆ ಅಷ್ಟು ಹೊತ್ತು ಕಾಯುವಂತಿರಲಿಲ್ಲ. ಅವಳ ಮಗಳು ಸಾವಿತ್ರಿ ಅಜ್ಜಿಯ ಮನೆಯಲ್ಲಿದ್ದು ಅರಕಲಗೂಡಿನಲ್ಲಿ ಪರೀಕ್ಷೆ ಬರೆದಿದ್ದಳು.

"ಸಾಯಂಕಾಲ ಗಂಡಿನ ಕಡೆಯೋರು ಬತ್ತಾವ್ರೆ ಮೇಡಂ. ಅಷ್ಟ್ರೊಳ್ಗೆ ಪಾಸು ಅಂತ ಗೊತ್ತಾದ್ರೆ ಓದುಸ್ತೀನಿ ಅಂತ ನಮ್ಮೆಜಮಾನ್ರು ಮಾತು ಕೊಟ್ಟವ್ರೆ. ಇಲ್ದಿದ್ರೆ ಮದ್ವೆಗೆ ಊಂ ಅಂದ್ಬುಡ್ತಾರೆ," ಎಂದಳು.

ನಮ್ಮ ಕಂಪ್ಯೂಟರನ್ನು ನಡೆಸುತ್ತಿದ್ದ ಯೂನಿಕ್ಸ್ ಎಂಬ ವ್ಯವಸ್ಥೆಯಲ್ಲಿ 'ಟೀ' ಎಂಬೊಂದು ಆಜ್ಞೆಯಿದೆ. ಬರುವ ಪ್ರವಾಹ ಒಂದೇ, ಅದನ್ನು ಏಕಕಾಲಕ್ಕೆ ಹಲವು ಪ್ರೋಗ್ರಾಮುಗಳಿಗೆ ಉಣಿಸುವುದು ಅದರ ಕೆಲಸ. ನಮ್ಮೂರ ನಾಲೆಯಲ್ಲಿ ನೀರು ಹಂಚಿಹೋಗುತ್ತದೆ, ಒಬ್ಬನಿಗೆ ಹೆಚ್ಚಾದರೆ ಇನ್ನೊಬ್ಬನಿಗೆ ಕಮ್ಮಿ. ಇಲ್ಲಿ ಹಾಗಲ್ಲ, ಎಲ್ಲರಿಗೂ ಪೂರ್ತಿ ಪೂರ್ತಿ! ನಾನು ಮೂರು ಬಾಯಿ ತೆಗೆದೆ. ಒಂದು ಪರದೆ ಹೊಳೆನರಸೀಪುರದವರನ್ನು ಹೆಕ್ಕಿಕೊಳ್ಳಲಿ, ಒಂದು ಅರಕಲಗೂಡಿನವರನ್ನು, ಇನ್ನೊಂದು ಚನ್ನರಾಯಪಟ್ಟಣದವರನ್ನು.

ಅಷ್ಟರಲ್ಲಿ ನಮ್ಮ ಪ್ರಿನ್ಸಿಪಾಲರು ಬಂದರು. ಮದುವೆ ಮನೆಯಲ್ಲೂ ಮೊದಲ ಪಂಕ್ತಿಗೇ ಕೂರುವ ಆಸಾಮಿ. "ಮೊದಲ ಹತ್ತು ಸಾಲು ನನ್ನ ರೂಮಿಗೆ ಬರಲಮ್ಮ, ನಾನು ನೋಡದೆ ಹೆಂಗೆ?" ಎಂದರು. ಸರಿ, ಹತ್ತು ಸಾಲು ಉಂಡು ಏಳುವ ನಾಲ್ಕನೆಯ ಬಾಯಿಯನ್ನೂ ತೆಗೆದೆ.

ಸಾಲುಗಳು ಹರಿದವು. ಸ್ವಲ್ಪ ಹೊತ್ತಿಗೇ ಮೂರೂ ಪರದೆಗಳು ಗಪ್‌ಚುಪ್ ನಿಂತುಬಿಟ್ಟವು. "ಪಾಪ, ಹಳೇ ಮಿಷನ್ನು," ಎಂದರು ಪ್ರಿನ್ಸಿಪಾಲರು, ತಮ್ಮ ಹತ್ತು ಸಾಲನ್ನು ರೂಮಿನಲ್ಲಿ ನೆಮ್ಮದಿಯಾಗಿ ಓದಿ ಮುಗಿಸಿ ಬಂದು. ನಿಂಗಮ್ಮ ಕಿಟಕಿಯ ಸರಳು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

ಆಗ ನೆನಪಾದದ್ದು ಚನ್ನರಾಯಪಟ್ಟಣದ ಕಡೆಯ ನಮ್ಮ ಗದ್ದೆ. ಚಿಕ್ಕವಳಿದ್ದಾಗ ನೀರು ಕಟ್ಟಲು ಹೋಗಿ, ಗದ್ದೆ ತುಂಬಿತೆಂದು ನಾನು ಅದರ ಬಾಯಿ ಮುಚ್ಚಿಬಿಟ್ಟಿದ್ದೆ. ನೀರು ಒತ್ತಿ ಕಾಲುವೆಯ ಏರಿಯೇ ಒಡೆದು, ಕೆಳಗಿನವರಿಗೆ ಹನಿಯಿಲ್ಲ. ಅಪ್ಪ ಬೈಯಲಿಲ್ಲ. "ತುಂಬ್ತು ಅಂತ ಬಾಯಿ ಮುಚ್ಬ್ಯಾಡ ಕಣವ್ವ, ಎಚ್ಚಿನ ನೀರ ಅಳ್ಳಕ್ಕೆ ಬುಡು," ಎಂದಿದ್ದರು.

ಪ್ರಿನ್ಸಿಪಾಲರ ಪ್ರೋಗ್ರಾಮೂ ಮಾಡಿದ್ದು ಅದನ್ನೇ! ಹತ್ತು ಸಾಲು ಉಂಡು ಬಾಗಿಲು ಹಾಕಿಕೊಂಡಿತ್ತು. ಮುಚ್ಚಿದ ಬಾಯಿಗೆ ಸುರಿಯಲು ಹೋದ ಟೀ ಅಲ್ಲೇ ಪ್ರಾಣಬಿಟ್ಟು, ಉಳಿದ ಮೂರು ಬಾಯಿಗೂ ಹನಿಯಿಲ್ಲದಂತಾಗಿತ್ತು. ಯೂನಿಕ್ಸಿನಲ್ಲೂ ಒಂದು ಹಳ್ಳವಿದೆ, ಎಷ್ಟು ಸುರಿದರೂ ನುಂಗಿ ಸುಮ್ಮನಿರುತ್ತದೆ. ಹತ್ತು ಸಾಲಾದ ಮೇಲೆ ಮಿಕ್ಕದ್ದೆಲ್ಲ ಆ ಹಳ್ಳಕ್ಕೆ ಹೋಗಲಿ ಎಂದು ಬರೆದು, ಮತ್ತೆ ಫೋನು ಹಚ್ಚಿದೆ. ಪುಣ್ಯಕ್ಕೆ ಲೈನು ಸಿಕ್ಕಿತು. ಈ ಸಲ ಪ್ರಿನ್ಸಿಪಾಲರಿಗೆ ಹತ್ತೇ ಸಾಲು, ಉಳಿದವರಿಗೆ ನಿಲ್ಲದ ಹೊಳೆ.

ಮಧ್ಯಾಹ್ನದ ಊಟದ ಹೊತ್ತಿಗೆ ಅರಕಲಗೂಡಿನ ಪರದೆಯಲ್ಲಿ ಸಾವಿತ್ರಿ ಬಂದಳು. ಫಸ್ಟ್ ಕ್ಲಾಸು! "ಅಯ್ಯೋ ನನ್ನವ್ವ!" ಎಂದು ನಿಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗಂಡಿನ ಕಡೆಯವರು ಸಂಜೆ ಕಾಫಿ ಕುಡಿದು ಹೋದರಂತೆ, ಅಷ್ಟೇ.

ಸಾವಿತ್ರಿ ನಮ್ಮಲ್ಲೇ ಪಿಯುಸಿಗೆ ಸೇರಿದಳು. ಒಂದು ದಿನ ಕ್ಲಾಸಿನಲ್ಲಿ ನಾನು ಎದೆಯುಬ್ಬಿಸಿ ಇದೇ ಕಥೆ ಹೇಳುತ್ತಿದ್ದಾಗ ಎರಡನೇ ಬೆಂಚಿನಿಂದ ಎದ್ದು ನಿಂತಳು.

"ನಾಲೆ ತೆಗ್ದೋರು ನೀವೇ ಮೇಡಂ, ಇಲ್ಲ ಅನ್ನಲ್ಲ. ಬೆಳೆ ನಂದಲ್ವಾ?"

ಹುಡುಗರೆಲ್ಲ ಗೊಳ್ಳೆಂದರು. ನನಗೂ ನಗು ತಡೆಯಲಾಗಲಿಲ್ಲ. ಅಂದಿನಿಂದ ಈ ಜಂಬದಲ್ಲಿ ಅವಳದೂ ಪಾಲಿದೆ. ಹಾಗೆಂದು ನನ್ನದೇನೂ ಕಮ್ಮಿಯಾಗಿಲ್ಲ. ಇಬ್ಬರಿಗೂ ಪೂರ್ತಿ ಪೂರ್ತಿ.